ಗಾಳಿ ಸೋಕದ ಮಹಡಿ

ಸ್ವಾನ್ಸಿಯ ಬಂದರಿನೆದುರು ನಮ್ಮ ವಿಮಾ ಕಚೇರಿ.
ನಾಲ್ಕನೆಯ ಮಹಡಿಯಿಂದ ಕಡಲು ಕಾಣುತ್ತದೆ,
ಅದರ ಉಪ್ಪು ಮಾತ್ರ ಮೂಗಿಗೆ ಬಂದದ್ದಿಲ್ಲ.
ಕಿಟಕಿಗಳಿಗೆ ಚಿಲಕವೇ ಇಟ್ಟಿಲ್ಲ ಕಟ್ಟಿದವರು.
ಕಡಲಹಕ್ಕಿಯೊಂದು ಗಾಜನ್ನು ಕುಕ್ಕಿ ನೋಡಿ
ಒಳಗಿರುವವರು ಇವರಿಷ್ಟೇ ಎಂಬಂತೆ
ಹಾರಿಹೋಗುತ್ತದೆ.

ಮೊದಲು ಗ್ವೆನ್‌ಲಿಯನ್: ಹನ್ನೊಂದಕ್ಕೆ ಸರಿಯಾಗಿ
ಹುಬ್ಬಿನ ನಡುವೆ ಯಾರೋ ಮೊಳೆ ಹೊಡೆದ ಹಾಗೆ, ಎಂದಳು.
ಆಮೇಲೆ ಐವರ್‌ನ ಗಂಟಲು.
ಆಮೇಲೆ ನನ್ನ ಕಣ್ಣು.
ಈರುಳ್ಳಿ ಹೆಚ್ಚಿಲ್ಲ, ಯಾರೂ ಸತ್ತಿಲ್ಲ,
ಸುಮ್ಮನೆ ಉರಿ.
ಶನಿವಾರ ಎಲ್ಲರೂ ಗುಣವಾಗುತ್ತಿದ್ದೆವು;
ಸೋಮವಾರ ಲಿಫ್ಟಿನಿಂದಿಳಿದರೆ
ರೋಗ ನಮಗಿಂತ ಮೊದಲೇ ಬಂದು
ಕುರ್ಚಿ ಬೆಚ್ಚಗೆ ಮಾಡಿ ಕೂತಿರುತ್ತಿತ್ತು.

ದೂರು ಕೊಟ್ಟೆವು. ಗಾಳಿಮಾತು ಅಂದರು.
ನೀರು ಕುಡಿಯಿರಿ, ಆಗಾಗ ಎದ್ದು ಓಡಾಡಿ ಎಂದು
ಬಣ್ಣದ ಹಾಳೆ ಅಂಟಿಸಿದರು ಗೋಡೆಗೆ.
ಆ ಅಂಟಿನ ವಾಸನೆಗೆ ಐವರ್ ಮತ್ತೆ ಕೆಮ್ಮಿದ.

ಫೋನಿನಲ್ಲಿ ನಮ್ಮ ಸೋದರತ್ತೆಯ ರೋಗನಿರ್ಣಯ:
‘ಯಾವುದೋ ಗಾಳಿ ಸೋಕಿದೆ ಕಣೇ,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು.’
ಇಲ್ಲಿ ಹೊಗೆಯೆದ್ದರೆ ಅಲಾರಾಂ ಕೂಗಿ
ಇನ್ನೂರು ಜನ ಮೆಟ್ಟಿಲಿಳಿಯಬೇಕು, ಅತ್ತೆ.
ಅಲ್ಲದೆ, ನಮಗೆ ಸೋಕದಿರುವುದೇ ಅದು.

ಬೇರೆಯವರ ಅಪಘಾತಗಳನ್ನು ಹದಿನಾಲ್ಕು ವರ್ಷ
ಎಲ್ಲಿ, ಯಾವಾಗ, ಯಾರು ಕಂಡರು ಎಂದು
ಕೇಳಿ ಕೇಳಿ ಪಳಗಿದವಳು ಗ್ವೆನ್‌ಲಿಯನ್.
ಮಹಡಿಯ ನಕ್ಷೆ ಬಿಡಿಸಿ ಡ್ರಾಯರಿನಲ್ಲಿಟ್ಟಳು.
ತಲೆನೋವಿಗೊಂದು ಕೆಂಪು ಚುಕ್ಕೆ.
ಮೂರು ವಾರಕ್ಕೆ ದಡಾರದಂತೆ ಎದ್ದಿತು ಕಾಗದ,
ಮೂರನೆಯ ಜಾಲರಿಯ ಸುತ್ತ ದಟ್ಟವಾಗಿ.
ಜಾಲರಿಯ ನೇರ ಕೆಳಗೆ ಮಾತ್ರ ಒಂದೂ ಇಲ್ಲ.
ಅದು ನೆಸ್ಟಾಳ ಖಾಲಿ ಕುರ್ಚಿ.
ರಜೆ ಜಾಸ್ತಿ, ಕೆಲಸಗಳ್ಳಿ ಎಂದು
ಹೋದ ವರ್ಷ ಬಿಡಿಸಿದ್ದರು ಅವಳನ್ನು.
ಆಗ ನಾನೂ ನಕ್ಕಿದ್ದೆ.

ರಿಪೇರಿಯ ಡೆಲ್ವಿನ್ ನಕ್ಷೆ ನೋಡಿ ಏನೂ ಹೇಳಲಿಲ್ಲ,
ಹಿಂದಿನ ಅಂಗಳಕ್ಕೆ ಕರೆದೊಯ್ದ.
ಹನ್ನೊಂದಕ್ಕೆ ಹತ್ತು ನಿಮಿಷ. ಕ್ಯಾಂಟೀನಿನ ಬ್ರೆಡ್ಡು ಇಳಿಯುತ್ತಿದೆ,
ವ್ಯಾನಿನ ಇಂಜಿನ್ನು ಗುರುಗುಡುತ್ತಲೇ ಇದೆ,
ಅದರ ಹೊಗೆಕೊಳವೆಗೆ ಎರಡಾಳು ಮೇಲೆ
ಕಟ್ಟಡದ ಮೂಗಿನ ಹೊಳ್ಳೆ,
ತಗಡಿನದು, ಎದೆ ತುಂಬ ಎಳೆದುಕೊಳ್ಳುತ್ತಿದೆ.

ಇಂಜಿನ್ ಆರಿಸಪ್ಪ ಎಂದರೆ ಆರಿಸಿಬಿಟ್ಟ ಡ್ರೈವರು.
ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಂತೆ.
ಅವನಿಗೂ ಕೆಮ್ಮಿತ್ತು.

ಹೊಸ ಫಿಲ್ಟರಿಗೆ ಅರ್ಜಿ ಹೋಗಿದೆ; ಮೇಲಿನಿಂದ ಸಹಿ ಬರಬೇಕು.
ನೆಸ್ಟಾಳಿಗೊಂದು ಪತ್ರ ಬರೆಯತೊಡಗಿ
‘ಪ್ರಿಯ’ದ ಮುಂದೆ ಹೋಗಿಲ್ಲ ನಾನು.
ಹನ್ನೊಂದಕ್ಕೆ ಈಗಲೂ ಕೈ ತಾನಾಗಿ ಹುಬ್ಬಿಗೇರುತ್ತದೆ.

ಊಟದ ಹೊತ್ತಿಗೆ ಕೆಳಗಿಳಿದು
ಬಂದರಿನ ಕಟ್ಟೆಯ ಮೇಲೆ ಕೂರುತ್ತೇವೆ ಮೂವರೂ.
ನಿನ್ನೆ ಡಬ್ಬಿಯ ಮುಚ್ಚಳ ಹಾರಿತು, ಐವರ್‌ನ ಟೋಪಿ ಹಾರಿತು,
ನನ್ನ ಕೂದಲೆಲ್ಲ ಬಾಯೊಳಗೆ, ಉಪ್ಪುಪ್ಪು.
ಚೆನ್ನಾಗಿ ಗಾಳಿ ಸೋಕಿತು.
ಅತ್ತೆಗೆ ಹೇಳಲಿಲ್ಲ.