ಐದಕ್ಕೆ ಐದು ಕೂಡುವುದಿಲ್ಲ

ಭೋಸರಿಯ ಎಂಐಡಿಸಿ, ಎರಡನೆಯ ಪಾಳಿ.
ನನ್ನ ಕೆಲಸ ಆಯುಧಗಳನ್ನು ಅಳೆಯುವುದು.

ಬೆಚ್ಚಬೇಡಿ. ಎಲ್ಲಕ್ಕಿಂತ ದೊಡ್ಡ ಖಡ್ಗವೂ
ನನ್ನ ಗೇಣಿಗಿಂತ ಗಿಡ್ಡ.
ಕೊಡಲಿ, ಗುರಾಣಿ, ತೋಪು, ಮುಳ್ಳಿನ ಗದೆ:
ಲಾರಿಯಾಗಿ ಮಲಗಿ ಮನುಷ್ಯನಾಗಿ ಏಳುವ
ಯಾವ ಊರಿನವೋ ಬೊಂಬೆಗಳ ಕೈಗೆ
ಇಲ್ಲಿಂದ ಹೋಗುತ್ತವೆ, ಪೊಟ್ಟಣಕ್ಕೆ ಆರು.

ಒಂದೊಂದರ ಬುಡಕ್ಕೂ ಗೂಟ,
ಒಂದೊಂದರ ಬೆನ್ನಿಗೂ ತೂತು.
ತೋಪಿನ ಬಾಯಿಗೆ ಕೊಡಲಿ, ಕೊಡಲಿಯ ನೆತ್ತಿಗೆ ಗುರಾಣಿ,
ಆರೂ ಸೇರಿದರೆ ಮಹಾಬಿಲ್ಲು,
ಪೊಟ್ಟಣದ ಚಿತ್ರದಲ್ಲಿ.

ತೂತು ಐದು ಮಿಲಿಮೀಟರ್.
ಗೂಟವೂ ಐದೇ ಇರಬೇಕಲ್ಲ ಎಂದಿದ್ದೆ ಮೊದಲ ದಿನ.
ಮಷೀನಿನ ಆಚೆಯಿಂದ ದಸ್ತಗೀರಣ್ಣ, ಆಳಂದದವನು, ನಕ್ಕ:
"ಐದಕ್ಕ ಐದು ಕೂಡಂಗಿಲ್ಲ ತಂಗಿ.
ಒಬ್ಬರು ಕೂದಲೆಳಿಯಷ್ಟು ಸಣ್ಣಾಗಬೇಕು."

ನಾಲ್ಕು ಪಾಯಿಂಟ್ ಒಂಬತ್ತೈದು.
ದಪ್ಪವಾದರೆ ಬೊಂಬೆಯ ಮುಷ್ಟಿ ಬಿರಿಯುತ್ತದೆ,
ತೆಳುವಾದರೆ ಖಡ್ಗ ತೂಕಡಿಸುತ್ತದೆ
ರಾತ್ರಿ ಪಾಳಿಯ ವಾಚ್‌ಮನ್ನನ ಹಾಗೆ.
ಬಣ್ಣ ಬಳಿದರೆ ಮತ್ತೊಂದು ಪದರ.
ಬಿಸಿಯಿದ್ದಾಗ ಅಳೆದ ಲೆಕ್ಕ ಸುಳ್ಳು;
ಆರಲು ಬಿಡಬೇಕು.
ಸಿಟ್ಟಿನಂತೆ ಪ್ಲಾಸ್ಟಿಕ್ಕೂ
ಆರಿದ ಮೇಲೆ ಕುಗ್ಗುತ್ತದೆ.

ತಪ್ಪಿದ್ದೆಲ್ಲ ಕೆಂಪು ಡಬ್ಬಿಗೆ.
ಗ್ರೈಂಡರು ಜೋಳದ ನುಚ್ಚು ಮಾಡಿ
ಮರಳಿ ಹಾಪರಿಗೆ ಸುರಿಯುತ್ತದೆ.
ನಿನ್ನೆಯ ಕೊಡಲಿ ಇವತ್ತಿನ ಗುರಾಣಿ.
ಯಾರ ಪೆಟ್ಟನ್ನು ಯಾರು ತಡೆಯುತ್ತಾರೋ.

ಖಂಡೆ ನವಮಿಗೆ ಬೋರಾಟೆ ಸೇಠ್
ಮಷೀನಿಗೆಲ್ಲ ಚೆಂಡುಹೂವಿನ ಮಾಲೆ ಹಾಕಿಸಿದ.
ಸ್ಪಾನರು, ಅಚ್ಚು, ನನ್ನ ವರ್ನಿಯರು
ಮಣೆಯ ಮೇಲೆ ಸಾಲಾಗಿ ಕೂತವು.
ಟ್ರೇ ತುಂಬ ನಲವತ್ತು ಕೊಡಲಿ ಕಂಡು
ಗುರೂಜಿಯ ಕೈ ಗಾಳಿಯಲ್ಲೇ ನಿಂತಿತು: "ಹೇ ಸುದ್ಧಾ?"
ಸೇಠ್ ತಲೆ ಕೆರೆದುಕೊಂಡ.
ಆಯುಧ ಹೆರುವ ಆಯುಧಕ್ಕೆ ಪೂಜೆಯಾಯಿತು,
ಆಯುಧಕ್ಕೆ ಬೇಡವೆಂದರೆ ಹೇಗೆ?
ಕೊನೆಗೆ ಎಲ್ಲದರ ಪರವಾಗಿ
ಒಂದೇ ಕೊಡಲಿಗೆ ಬೊಟ್ಟಿಟ್ಟರು, ಗೂಟದ ಮೇಲೆ.
ಅದನ್ನು ನಾನು ರಿಜೆಕ್ಟ್ ಮಾಡಬೇಕಾಯಿತು.
ಕುಂಕುಮದ ದಪ್ಪ.

ಅವತ್ತೇ ದಸ್ತಗೀರಣ್ಣನ ಮಗ ಮೈನು ಬಂದಿದ್ದ,
ಪೇಢೆಯ ಆಸೆಗೆ.
ಕೆಂಪು ಡಬ್ಬಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು
ತಪ್ಪಿದ ಆಯುಧಗಳನ್ನೆಲ್ಲ ಒಂದಕ್ಕೊಂದು ಸಿಕ್ಕಿಸಿದ.
ಸಡಿಲ ಗೂಟಕ್ಕೆ ಪೇಢೆಯ ಕಾಗದ ಸುತ್ತಿ,
ಬಿಗಿಯಾದದ್ದನ್ನು ಹಲ್ಲಿನಿಂದ ಕೆರೆದು.
ಬಿಲ್ಲಲ್ಲ, ಖಡ್ಗವಲ್ಲ,
ಎತ್ತಲೋ ಕೈ ಚಾಚಿದ ಏನೋ ಒಂದು.
"ಏನೋ ಅದು?"
"ಇನ್ನಾ ಗೊತ್ತಾಗಿಲ್ಲ."

ಸ್ಯಾಂಪಲ್ ಬೊಂಬೆಯನ್ನು ತಿರುಗಿಸಿ ನೋಡಿ ಕೇಳಿದ:
"ಅಕ್ಕಾ, ಇದರ ಮುಷ್ಟಿ ಯಾಕ ಬಿಚ್ಚಂಗಿಲ್ಲ?"
ಮೂರು ವರ್ಷ ಆ ತೂತನ್ನು ಅಳೆದಿದ್ದೇನೆ,
ಅದರ ಸುತ್ತ ಒಂದು ಕೈ ಇದೆಯೆಂದು ನೋಡಿರಲಿಲ್ಲ.
ಅಚ್ಚಿನಲ್ಲೇ ಮಡಚಿಕೊಂಡ ಬೆರಳು.
ಖಡ್ಗ ಕಿತ್ತರೂ ಹಿಡಿತ ಉಳಿಯುತ್ತದೆ.
ಬೊಗಸೆ ನೀರು ಹಿಡಿಯಲಾರದು,
ಸ್ವಂತ ಬೆವರು ಒರೆಸಿಕೊಳ್ಳಲಾರದು.

ಆಮೇಲೆ ಹುಡುಗ ಅಪ್ಪನ ಎಡಗೈ ಎಳೆದುಕೊಂಡ.
ಎರಡು ಬೆರಳು ಚಾಕಣದ ಪವರ್ ಪ್ರೆಸ್ಸಿನಲ್ಲಿ ಹೋಗಿವೆ,
ನಾನು ಇಲ್ಲಿಗೆ ಬರುವ ಮುಂಚೆ.
ಆ ಸಂದಿಗೆ ತೋಪೊಂದನ್ನು ನಿಲ್ಲಿಸಿದ.
ನಿಂತಿತು.
ದಸ್ತಗೀರಣ್ಣ ಕೈ ಅಲುಗಿಸಲಿಲ್ಲ,
ಬಾಯಲ್ಲಿದ್ದ ಪೇಢೆಯನ್ನೂ ನುಂಗಲಿಲ್ಲ.
ವರ್ನಿಯರು ಹೂವಿನಡಿಯಲ್ಲಿತ್ತು.
ಕೈಯಲ್ಲಿದ್ದಿದ್ದರೂ ನಾನು ಅಳೆಯುತ್ತಿರಲಿಲ್ಲ.

ಸೋಮವಾರ ಎಂಟುನೂರು ಸುತ್ತಿಗೆ, ಕಪ್ಪು.
ಅಚ್ಚು ಬಿಸಿಯೇರುವ ತನಕ
ಮೊದಲ ಹತ್ತು ಯಾವಾಗಲೂ ತಪ್ಪುತ್ತವೆ.
ಡಬ್ಬಿಗೆ ಎಸೆಯುವ ಮುಂಚೆ
ಎರಡನ್ನು ಜೇಬಿಗೆ ಹಾಕಿಕೊಂಡೆ.
ಅದು ಏನೆಂದು ಗೊತ್ತಾದ ದಿನ
ಹುಡುಗ ಕೇಳಬಹುದು.