ಮುಯ್ಯಾಳು

ರಾತ್ರಿ ಒಂಬತ್ತಕ್ಕ ಶಟರ್ ಎಳೀತೀನಿ.
ಕತ್ತರಿ, ಸ್ಟೇಪ್ಲರ್,
ಯಾರೋ ಮರತು ಹೋದ ಆಧಾರ್ ಕಾರ್ಡಿನ ಝೆರಾಕ್ಸು
ಎಲ್ಲಾ ಮಲಗತಾವ.
ಕಂಪ್ಯೂಟರ್ ಮಾತ್ರ ಮಲಗಂಗಿಲ್ಲ.

ರಿಪೇರಿಗೆ ಬಂದಿದ್ದ ದಾವಲಸಾಬನ ಮಗ ಇಮಾಮ
ಫ್ಯಾನಿನೊಳಗಿನ ಜುಂಗು ಎಳದೆಳದು ತಗದ
(ಗುಳೇದಗುಡ್ಡದಾಗ ಧೂಳಂದ್ರೂ ಅರ್ಧ ನೂಲ),
ಕೈ ಒರಸಿಕೋತ ಅಂದ:
“ಅಕ್ಕಾ, ರಾತ್ರಿ ಇದು ಸುಮ್ನ ಕುಂದರತೈತಿ.
ಒಂದು ಕೆಲಸಕ್ಕ ಹಚ್ಚಲೇನು? ರೊಕ್ಕ ಬರಂಗಿಲ್ಲ.”

ನನ್ನ ತವರು ಕೆಲವಡ್ಯಾಗ
ರೊಕ್ಕ ಇಲ್ಲದ ಕೆಲಸಕ್ಕ ಒಂದ ಹೆಸರು, ಮುಯ್ಯಿ.
ಇವತ್ತು ನಿಮ್ಮ ಹೊಲಕ್ಕ ನಾ, ನಾಳೆ ನಮ್ಮ ಹೊಲಕ್ಕ ನೀ.
“ಯಾರ ಹೊಲ?” ಅಂದೆ.
“ಗೊತ್ತಿಲ್ಲಕ್ಕ. ದೂರದ್ದು. ಕ್ಯಾನ್ಸರಿಂದು.”
ತಂಗಿ ಸುದ್ದಿ ಅವ ತಗೀಲಿಲ್ಲ.
ಆಕಿ ನಲವತ್ತನೇ ದಿನದ ಕಾರ್ಡು
ಇದ ಮಷೀನಿನ್ಯಾಗ ಕೂಡಿಸಿದಾಕಿ ನಾ.

ಹಗಲೆಲ್ಲಾ ಇದರ ಕೆಲಸ ಬ್ಯಾರೆ.
‘ಭಾವಪೂರ್ಣ ಶ್ರದ್ಧಾಂಜಲಿ’ ಅನ್ನೋ ಫೋಲ್ಡರಿನ್ಯಾಗ
ನಾನೂರಾ ಹನ್ನೆರಡು ಫೈಲು.
ಮೌಸಿನಿಂದ ಹಣಿಗೆ ವಿಭೂತಿ ಎಳೀತೀನಿ,
ಕೊರಳಿಗೆ ಹೂವಿನ ಮಾಲಿ ಅಂಟಸತೀನಿ.
“ಅಕ್ಕಾರ, ಕೂದಲಾ ಇರಲಿ ನಮ್ಮವ್ವಗ” ಅಂತಾರ ಕೆಲವರು.
ಕೀಮೋದಾಗ ಉದುರಿದ್ದನ್ನ
ಮದಿವಿ ಫೋಟೋದಾಗಿಂದ ಕತ್ತರಿಸಿ ತಂದು ಹಚ್ಚತೀನಿ.

ಸಣ್ಣತ್ತಿ ಅಡಿವೆವ್ವಗ ತಿಳಿಸಿ ಹೇಳಾಕ ಕುಂತೆ.
ಮೈಯಾಗ ಕಣ್ಣಿಗೆ ಕಾಣದ ಎಳಿ ಇರತಾವಂತ,
ತಾವ ಮಡಚಿಕೋತಾವಂತ,
ಮಡಿಕಿ ತಪ್ಪಿದ್ರ ಮೈ ಕೆಡತೈತಂತ.
ಯಾವುದು ಎಲ್ಲಿ ಮಡಚತೈತಿ
ಅನ್ನೋ ಲೆಕ್ಕಾ ಇದು ರಾತ್ರಿಯೆಲ್ಲಾ ಹಾಕತೈತಿ.

ನಲವತ್ತು ವರ್ಷ ಖಣ ಮಡಚಿದಾಕಿ ಆಕಿ.
ಮೂರು ಮೂಲಿ, ದಡಿ ಹೊರಗ, ಬೆರಳಿನ ಉಗುರೊಂದ ಇಸ್ತ್ರಿ,
ಡಜನ್ನಿನ ಮ್ಯಾಲ ಕೂಲಿ.
ಊರೆಲ್ಲಾ ಹೆಣಮಕ್ಕಳ ಕುಪ್ಪಸ ಆಕಿ ಕೈಯಾಗ ಹಾದು ಹೋಗ್ಯಾವ.
ಹುಬ್ಬಳ್ಯಾಗ ಆಪರೇಶನ್ ಆದ ಮ್ಯಾಲ
ತನ್ನ ಕುಪ್ಪಸದ ಎಡಕ್ಕ
ಹಳೇ ಅರಿವಿ ಮಡಚಿ ಇಟ್ಟು ಹೊಲಿಸಿಕೊಂಡಾಳ.
“ಮಡಿಕಿ ತಪ್ಪಿದ್ರ ಬಿಚ್ಚಬೇಕವಾ,
ಬಿಚ್ಚಿ ಮತ್ತ ಮಡಚಬೇಕು.
ಅದಕ್ಯಾಕ ಇಷ್ಟು ಲೆಕ್ಕಾ?”

ಆ ತಿಂಗಳ ಬಿಲ್ಲು ನೂರಾ ಎಂಬತ್ತು ಹೆಚ್ಚು ಬಂತು.
ನಮ್ಮವರು ಅದನ್ನ ಬೆಳಕಿಗೆ ಹಿಡದು ನೋಡಿದ್ರು,
ಎಲ್ಲೆರ ತೂತು ಬಿದ್ದೈತೇನೋ ಅನ್ನೋಹಂಗ.
ನಾ ಏನೂ ಅನಲಿಲ್ಲ.
ಝೆರಾಕ್ಸು ಎರಡು ರೂಪಾಯಿ ಇದ್ದದ್ದು ಮೂರು ಮಾಡಿದೆ.

ಒಂದು ರಾತ್ರಿ ತೊಂಬತ್ತೇಳಕ್ಕ ಕರೆಂಟು ಹೋತು.
ಯುಪಿಎಸ್ ಕೂಗೂದು ಕೇಳಿ ಬರಿಗಾಲಿಲೆ ಓಡಿ ಬಂದೆ.
ಓಣ್ಯಾನ ಪವರ್‌ಲೂಮೆಲ್ಲಾ ಒಮ್ಮೆಲೆ ನಿಂತಿದ್ವು.
ತೊಂಬತ್ತೆಂಟು.
ಆ ಸುಮ್ಮಕಿನ್ಯಾಗ ಯಾರ ಮನ್ಯಾಗೋ ಒಂದ ಕುಣಿಮಗ್ಗ,
ಕರೆಂಟಿನ ಹಂಗಿಲ್ಲದ್ದು,
ಟಕ್, ಟಕ್.
ಸ್ಟೂಲ್ ಮ್ಯಾಲ ಕುಂತು ನೋಡಿದೆ,
ಹಾಲು ಉಕ್ಕೂದನ್ನ ಕಾಯೋಹಂಗ.
ತೊಂಬತ್ತೊಂಬತ್ತು.
ಪರದೆ ಕಪ್ಪಾತು.

“ಪೂರಾ ಹೋಗಿಲ್ಲಕ್ಕ,” ಇಮಾಮ ನಕ್ಕ ಮರುದಿನ,
“ಬಿಟ್ಟಲ್ಲಿಂದ ಹಿಡೀತೈತಿ. ಹತ್ತು ನಿಮಿಷದ್ದು ಅಷ್ಟ ಹೋಗಿದ್ದು.”

ಮೊನ್ನೆ ಸಣ್ಣತ್ತಿ ಒಂದು ಫೋಟೋ ತಂದು ಕೊಟ್ಟಳು.
ಬನಶಂಕರ್ಯಾಗ ತಗಿಸಿದ್ದು, ಬಾಯಿ ತುಂಬ ನಗಿ.
“ಇದನ್ನ ಇಟ್ಟಿರು. ನಾಳೆ ಅವರು ಇವರು
ಆಸ್ಪತ್ರಿದು ತಂದು ಕೊಟ್ಟಾರು.”
ಸ್ಕ್ಯಾನ್ ಮಾಡಿದೆ.
ಯಾವ ಫೋಲ್ಡರಿಗೂ ಹಾಕಿಲ್ಲ.
ಡೆಸ್ಕ್‌ಟಾಪಿನ ಮ್ಯಾಲ ಹಂಗ ಐತಿ, ಹೆಸರಿಲ್ಲದ,
ಅದರ ಮ್ಯಾಲ ರಾತ್ರಿ ಆ ಹಸಿರು ಗೆರಿ ಹರದಾಡತೈತಿ.

ಮುಂಜಾನೆ ಚಾದ ಕಪ್ಪು ಹಿಡಕೊಂಡು ಬಾಗಲದಾಗ ನಿಂದರತಾಳ.
“ರಾತ್ರಿ ಎಷ್ಟು ಮಡಚಿತು?”
“ಒಂದ, ಅದೂ ಅರ್ಧ.”
“ರಾತ್ರಿಯೆಲ್ಲಾ ಕುಂತು ಅರ್ಧ?
ನಮ್ಮ ಸಾವಕಾರ ಇದ್ದಿದ್ರ
ಕೆಲಸದಿಂದ ಬಿಡಸತಿದ್ದ ಇದನ್ನ.”