ಹಾಲುಹಲ್ಲು

ಮಾರ್ಚ್ ತಿಂಗಳಿಡೀ ದಿನಕ್ಕೊಂದು ಫೋನು.
ಅನೀಬಲ್ ಮೇಜಿನಡಿ ಕೂತಿದ್ದಾನೆ, ಏಳುತ್ತಿಲ್ಲ.
ಅನೀಬಲ್ ಗೋಂದು ತಿಂದ.
ಪ್ರಾರ್ಥನೆಯ ನಡುವೆ ಬಸ್ಸಿನ ಸದ್ದು ಮಾಡಿದ,
ಬ್ರೇಕಿನ ಸಮೇತ.
ಬನ್ನಿ ಸೆನ್ಯೋರಾ ಮಾಯ್ಟಾ, ಈಗಲೇ ಬನ್ನಿ.
ಕೈಗೆ ಮೆತ್ತಿದ ಪ್ಲಾಸ್ಟರ್ ತೊಳೆಯದೆ ಓಡುತ್ತಿದ್ದೆ
ಲೀಮಾದ ಅರ್ಧ ಊರು ದಾಟಿ, ವ್ಯಾನಿನಲ್ಲಿ ಜೋತು,
ಯಾರದೋ ಕೆಳದವಡೆಯ ಅಚ್ಚು
ಏಪ್ರನ್ನಿನ ಜೇಬಲ್ಲೇ ಮರೆತು.

ಜೂನ್‌ನಿಂದ ಫೋನಿಲ್ಲ.

ಪೆದ್ದಿ ನಾನು, ಹಿಗ್ಗಿದೆ.
ಹುಡುಗ ದಾರಿಗೆ ಬಂದ ಎಂದು
ಮೂಲೆಯಂಗಡಿಯ ಎಲ್ಸೀರಾಗೆ ಹೇಳಿ
ಒಂದು ಕಿಲೋ ದ್ರಾಕ್ಷಿ ಕೊಂಡೆ, ಚೌಕಾಸಿಯಿಲ್ಲದೆ.
ಬೈಯುವ ಬಾಯಿ ಇನ್ನೂ ಕೈಬಿಟ್ಟಿರುವುದಿಲ್ಲ
ಎಂಬುದು ಆಗ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಬಾಯಿ ಓದುವುದೇ ನನ್ನ ಕಸುಬು.
ನೆಲಮಾಳಿಗೆಯಲ್ಲಿ ಕೂತು, ಮುಖ ಕಾಣದ ಜನರಿಗೆ
ಹಲ್ಲು ಮಾಡುತ್ತೇನೆ.
ಅಚ್ಚು ನೋಡಿದರೆ ಸಾಕು, ಹೇಳಬಲ್ಲೆ:
ಇವನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ,
ಇವಳು ಒಂದೇ ಮಗ್ಗುಲಲ್ಲಿ ಅಗಿಯುತ್ತಾಳೆ, ಇನ್ನೊಂದು ನೋವು.
ಮಿಸ್ ಗ್ರಿಸೆಲ್ ಮಾರ್ಚ್‌ನಲ್ಲಿ ಗದರಿದಾಗಲೂ
ಕಾಫಿ ಕಲೆಯ ಕೆಳಹಲ್ಲು ಕಾಣುತ್ತಿತ್ತು.
ಜುಲೈ ಹೊತ್ತಿಗೆ ನಗುತ್ತಿದ್ದಳು,
ತುಟಿ ಮಾತ್ರ.

ಜುಲೈಯಲ್ಲೇ ಬಾವುಟದ ಮೆರವಣಿಗೆ.
ಎಲ್ಲ ಮಕ್ಕಳ ಎದೆಗೂ ಕೆಂಪು ಬಿಳಿ ರಿಬ್ಬನ್ನಿನ ಹೂ.
ನಾನು ಹೊಲಿದದ್ದು ಇವನ ಚೀಲದಲ್ಲೇ ಉಳಿಯಿತು.
ನೀರಿನ ಬಾಟಲಿ ಕಾಯುವ ಕೆಲಸ ಕೊಟ್ಟಿದ್ದರು,
ಬಹಳ ಜವಾಬ್ದಾರಿಯದಂತೆ.
ಮೂವತ್ತೊಂದು ಬಾಟಲಿ ಅಮ್ಮ, ಒಂದೂ ಕಳೆಯಲಿಲ್ಲ
ಎಂದು ಎದೆಯುಬ್ಬಿಸಿ ಮನೆಗೆ ಬಂದ.
ಅವತ್ತು ನಾನು ಪಾತ್ರೆ ತೊಳೆದೆ, ತೊಳೆದಿದ್ದನ್ನೇ.

ಆಮೇಲೆ ವರದಿ.
"ಅನೀಬಲ್ ಒಳ್ಳೆಯ ಮನಸ್ಸಿನ ಹುಡುಗನಾಗಿದ್ದ."
ಎರಡು ಸಲ ಓದಿದೆ.
ಹುಡುಗ ಅಲ್ಲೇ ಇದ್ದ, ನನ್ನ ಕಾಲ ಬಳಿ,
ಒಂದೇ ಕಾಲುಚೀಲದಲ್ಲಿ,
ಹಲ್ಲಿನ ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು
ಪ್ರಯಾಣಿಕರನ್ನು ಹತ್ತಿಸುತ್ತ.
ಆಗಿದ್ದ.

ಕರೆದಾಗ ಹೋದೆ.
ಅವರ ಕಡೆ ಮೂರು ಕುರ್ಚಿ, ನನ್ನ ಕಡೆ ಒಂದು.
ಕಣ್ಣೊರೆಸುವ ಕಾಗದದ ಡಬ್ಬಿಯನ್ನು
ನಾನು ಕೂರುವ ಮೊದಲೇ ನನ್ನತ್ತ ಸರಿಸಿಟ್ಟಿದ್ದರು.
ಹೋಗಿ ಎಂದು ಯಾರೂ ಅನ್ನಲಿಲ್ಲ.
ಅವನಿಗೆ ಒಗ್ಗುವಂಥ ಜಾಗ, ಎಂದರು.
ಅವನ ಒಳ್ಳೆಯದಕ್ಕೇ, ಎಂದರು.
ನಮ್ಮ ಬಾಗಿಲು ಸದಾ ತೆರೆದಿರುತ್ತದೆ, ಎಂದರು;
ಒಳಕ್ಕೋ ಹೊರಕ್ಕೋ ಹೇಳಲಿಲ್ಲ.
ಬಾಯಿಬಿಟ್ಟು ಕೇಳಿದ್ದು ಆಗಸ್ಟಿನ ಶುಲ್ಕ ಒಂದೇ.
ಆ ಕಾಗದವನ್ನು ನಾನು ಮುಟ್ಟಲಿಲ್ಲ.
ಅಷ್ಟು ಮಾಡಿದೆ.

ಹಾಲುಹಲ್ಲನ್ನು ಯಾರೂ ಕೀಳುವುದಿಲ್ಲ.
ದವಡೆಯೇ ಅದರ ಬೇರನ್ನು ಒಳಗೊಳಗೆ
ತಿಂಗಳುಗಟ್ಟಲೆ ಕರಗಿಸುತ್ತದೆ.
ಹೊರಗಿಂದ ನೋಡಿದರೆ ಹಲ್ಲು ಬೆಳ್ಳಗೆ, ತನ್ನ ಸಾಲಲ್ಲಿ,
ಎಲ್ಲದರ ಹಾಗೆ.
ಏನೋ ಕಡಿದಾಗಲೇ ಗೊತ್ತಾಗುವುದು,
ಹಿಡಿದಿದ್ದುದು ಬರೀ ತೊಗಲು.
ಅದಕ್ಕೇ ನೆತ್ತರು ಕಮ್ಮಿ.
ಅದಕ್ಕೇ ಯಾರ ಕೈಯೂ ಕೆಂಪಾಗುವುದಿಲ್ಲ.

ಆ ರಾತ್ರಿ ಬ್ರೆಡ್ಡಿನ ಗಟ್ಟಿ ಅಂಚಿಗೆ
ಇವನ ಮುಂದಿನ ಹಲ್ಲು ಬಿತ್ತು.
ಅಂಗೈ ಮೇಲಿಟ್ಟ. ಅಕ್ಕಿಕಾಳಿನಷ್ಟು ಹಗುರ.
ನಾಳೆ ಮಿಸ್ ಗ್ರಿಸೆಲ್‌ಗೆ ತೋರಿಸುತ್ತೇನೆ, ಎಂದ.
ನಾನು ಹಲ್ಲನ್ನು ದೀಪಕ್ಕೆ ಹಿಡಿದೆ,
ಕಸುಬಿನವಳು ನೋಡುವಂತೆ, ತಿರುಗಿಸಿ, ತಿರುಗಿಸಿ.

ಅಷ್ಟರಲ್ಲಿ ಅವನು ಕನ್ನಡಿಯ ಮುಂದೆ ನಿಂತು
ಹೊಸ ಕಿಂಡಿಯಿಂದ ಬಸ್ಸಿನ ಸದ್ದು ಮಾಡಿದ.
ಬ್ರೇಕು ಮೊದಲಿಗಿಂತ
ಚೆನ್ನಾಗಿ ಬಂತು.